ಅಗುಳು ಅಂಟಿಸಿದ ಪುಟಗಳು

ತನ್ನ ಮದುವೆಗೆಂದು ತಿಂಗಳ ರಜೆ ಹಾಕಿ ಊರಿಗೆ ಹೋಗಿದ್ದ ನಮ್ಮ ಮೇಲಿನ ಕೋಣೆಯ ಹುಡುಗಿ ಹನ್ನೆರಡನೇ ದಿನಕ್ಕೇ ಒಬ್ಬಳೇ ವಾಪಸು ಬಂದಾಗ ನಾನು ಗೇಟಿನ ಹತ್ತಿರ ಹೂವಿನವಳಿಂದ ಎರಡು ಮೊಳ ಸೇವಂತಿಗೆ ತೆಗೆದುಕೊಳ್ಳುತ್ತಿದ್ದೆ. ಆಟೋದಿಂದ ಮೊದಲು ಇಳಿದದ್ದು ಸೂಟ್‌ಕೇಸು. ಹೊಸದು. ಅದರ ಹಿಡಿಕೆಗೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೆಯೇ ಇತ್ತು. ಅದನ್ನು ನೋಡಿ ನನಗೆ ಅರ್ಧ ತಿಳಿಯಿತು, ಉಳಿದರ್ಧ ಅವಳ ಮುಖ ನೋಡಿ.

“ಮದ್ವಿ ಆಗ್ಲಿಲ್ರಿ ಅಕ್ಕಾರ,” ಎಂದಳು, ಇವತ್ತು ಹಾಲು ಬರಲಿಲ್ಲ ಎನ್ನುವ ಹಾಗೆ. ಸೂಟ್‌ಕೇಸು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಹೂವಿನವಳು “ಪಾಪ” ಎಂದು ಇನ್ನೊಂದು ಗೇಣು ಹೆಚ್ಚಿಗೆ ಅಳೆದು ಕೊಟ್ಟಳು. ಯಾರಿಗೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ.

ನಮ್ಮದು ಬಿಟಿಎಂ ಲೇಔಟಿನ ಒಳರಸ್ತೆಯಲ್ಲಿರುವ ಹಳೆಯ ಮನೆ. ಮೇಲೆ ಒಂದು ಕೋಣೆ, ಒಲೆ ಇಡಲು ಒಂದು ಕಟ್ಟೆ, ಬಟ್ಟೆ ಒಣಗಿಸಲು ಬೇಕಾದಷ್ಟು ತಾರಸಿ. ಆ ಕೋಣೆಯಲ್ಲಿ ಅವಳು ಮೂರು ವರ್ಷದಿಂದ ಬಾಡಿಗೆಗೆ ಇದ್ದಳು. ಬಾಗಲಕೋಟೆಯ ಕಡೆಯವಳು. ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಬೆಳಿಗ್ಗೆ ಆರಕ್ಕೆಲ್ಲ ಅವಳ ರೊಟ್ಟಿ ಬಡಿಯುವ ಸದ್ದು ನಮ್ಮ ಅಡುಗೆಮನೆಯ ಸೂರಿನ ಮೇಲೆ ಕೇಳಿಸುತ್ತಿತ್ತು. ನಮ್ಮವರು ಅದನ್ನು ಕೇಳಿಯೇ ಹಾಸಿಗೆ ಬಿಟ್ಟೇಳುತ್ತಿದ್ದುದು. ವಾಪಸು ಬಂದ ಮೇಲೂ ಆ ಸದ್ದು ಕೇಳಲಿಲ್ಲ. ನಮ್ಮವರು ಎರಡು ದಿನ ತಡವಾಗಿ ಎದ್ದು, ಮೂರನೆಯ ದಿನ, “ಆ ಹುಡುಗಿ ಏನಾದ್ರೂ ತಿಂತಿದಾಳಾ ನೋಡೇ,” ಎಂದರು.

ತಿನ್ನುತ್ತಿರಲಿಲ್ಲ. ನಾನು ತಟ್ಟೆ ಹಿಡಿದು ಹತ್ತಿ ಹೋಗುತ್ತಿದ್ದೆ, ಅರ್ಧ ಉಳಿದ ತಟ್ಟೆ ಹಿಡಿದು ಇಳಿಯುತ್ತಿದ್ದೆ. ನಡುನಡುವೆ ಅವಳು ಹೇಳಿದ್ದನ್ನು ಜೋಡಿಸಿಕೊಂಡೆ. ಹುಡುಗ ಅವಳ ಸೋದರಮಾವನ ಮಗ. ಇವಳಿಗೆ ಅವನೆಂದು ಚಿಕ್ಕಂದಿನಲ್ಲೇ ಮಾತಾಗಿತ್ತು. ಆರು ವರ್ಷ ದಿನವೂ ಫೋನು. ಕಾರ್ಡು ಹಂಚಿಯಾದ ಮೇಲೆ ಅವನು, ತನಗೆ ಆಫೀಸಿನಲ್ಲಿ ಬೇರೆ ಹುಡುಗಿ ಇದ್ದಾಳೆ, ಇದು ಆಗುವುದಿಲ್ಲ ಎಂದ. ಅವಳನ್ನೇ ಕಟ್ಟಿಕೊಂಡೂ ಬಿಟ್ಟ. ಬೇರೆ ಊರಿನ, ಬೇರೆ ಮನೆಯ ಗಂಡಾಗಿದ್ದರೆ ಮರೆಯಬಹುದಿತ್ತೇನೋ. ಇವನು ಅಮ್ಮನ ಅಣ್ಣನ ಮಗ. ಹಬ್ಬ, ನಾಮಕರಣ, ತಿಥಿ, ಎಲ್ಲದಕ್ಕೂ ಎದುರಿಗೆ ಬರುವವನು.

ಮುಂದೆ ಇನ್ನೊಂದು ಕಾದಿತ್ತು. ದೀಪಾವಳಿ ಕಳೆದು ಕಾರ್ತಿಕದಲ್ಲಿ ಅವಳ ತಂಗಿಯ ಮದುವೆ. ಸೋದರಮಾವನಿಲ್ಲದೆ ಶಾಸ್ತ್ರ ನಡೆಯುವುದಿಲ್ಲ, ಹಾಗಾಗಿ ಅವಳ ತಾಯಿ ಅಣ್ಣನ ಮನೆಯವರೊಂದಿಗೆ ರಾಜಿಯಾಗಿ ಕರೆದುಬಿಟ್ಟಿದ್ದರು. ಅವನು ಬರುತ್ತಾನೆ, ಹೊಸ ಹೆಂಡತಿಯೊಂದಿಗೆ.

“ನಾ ಹೋಗೂದಿಲ್ಲ,” ಎಂದಳು ಇವಳು.

ಪ್ರತಿ ಸಂಜೆ ತಾಯಿಯ ಫೋನು ಬರುತ್ತಿತ್ತು. ತಂಗಿಯೂ ಹಟ ಹಿಡಿದಿದ್ದಳು. ಅವರ ಕಡೆ ಮದುವೆಗೆ ಮುಂಚೆ ಸುರಗಿ ಎಂಬ ಶಾಸ್ತ್ರವಿದೆಯಂತೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ಒಳಗೆ ಮದುಮಗಳನ್ನು ಮನೆಯವರೊಡನೆ ಕೂರಿಸಿ ಅರಿಶಿನ ಹಚ್ಚಿ ನೀರು ಹಾಕುವುದು. “ಅಕ್ಕ ಬಂದು ಬಾಜೂಕ ಕುಂತ್ರನ ನಾ ಸುರಗಿಯೊಳಗ ಕೂಡತೀನಿ,” ಎಂದು ತಂಗಿ ಫೋನಿನಲ್ಲಿ ಅಳುವುದು ನನಗೂ ಕೇಳಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಬೇರೆಯವರಾದರೆ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದರು, ಇಲ್ಲವೇ ಡಾಕ್ಟರ ಬಳಿಗೆ. ನನಗೆ ತಿಳಿದಿದ್ದ ಮದ್ದು ಒಂದೇ, ಕಾದಂಬರಿ. ದೊಡ್ಡ ಸಾಹಿತ್ಯವಲ್ಲ. ಮಧ್ಯಾಹ್ನ ಮಲಗಿಕೊಂಡು ಓದುವ ಹಗುರ ಕಾದಂಬರಿ. ನಾಯಕಿಗೆ ಉದ್ದ ಜಡೆ, ನಾಯಕನಿಗೆ ಸ್ವಲ್ಪ ಕೋಪ, ಕೊನೆಯ ಅಧ್ಯಾಯದಲ್ಲಿ ಎಲ್ಲರಿಗೂ ಬುದ್ಧಿ. ನಮ್ಮವರು ಇವನ್ನು ಬೋಂಡಾ ಪುಸ್ತಕ ಎನ್ನುತ್ತಾರೆ. ಬಿಸಿಯಿದ್ದಾಗ ತಿನ್ನಬೇಕು, ಆಮೇಲೆ ನೆನಪಿರುವುದಿಲ್ಲ ಎಂದು. ಇರಲಿ, ಬೋಂಡಾ ತಿಂದು ಯಾರೂ ಕೆಟ್ಟಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಅಡ್ಡರಸ್ತೆಯಲ್ಲಿ, ಟೈಲರ್ ಅಂಗಡಿಗೂ ಬೇಕರಿಗೂ ನಡುವೆ, ಪುಸ್ತಕ ಬಾಡಿಗೆಗೆ ಕೊಡುವ ಪುಟ್ಟ ಲೈಬ್ರರಿಯೊಂದು ಇನ್ನೂ ಉಸಿರಾಡುತ್ತಿದೆ. ನಡೆಸುವವರು ಎಪ್ಪತ್ತು ದಾಟಿದ ಹೆಂಗಸು. ನಾವೆಲ್ಲ ಮೇಡಂ ಎನ್ನುತ್ತೇವೆ. ಇಪ್ಪತ್ತೆರಡು ವರ್ಷದಿಂದ ನಾನು ಅಲ್ಲಿನ ಸದಸ್ಯೆ.

ಮೊದಲನೆಯ ಪುಸ್ತಕವನ್ನು ತಟ್ಟೆಯ ಪಕ್ಕದಲ್ಲಿಟ್ಟು ಬಂದೆ. ಮಾರನೆಯ ದಿನ ಹೋಗಿ ನೋಡಿದರೆ ತಟ್ಟೆ ಖಾಲಿ, ಪುಸ್ತಕ ಅರ್ಧವಾಗಿತ್ತು. ನನಗೆ ರೆಕ್ಕೆ ಬಂದಂತಾಯಿತು. ಆದರೆ ಅದರ ಮಾರನೆಯ ದಿನ ತಟ್ಟೆಯನ್ನು ಮುಟ್ಟಿಯೇ ಇರಲಿಲ್ಲ, ಪುಸ್ತಕ ಬೋರಲು ಬಿದ್ದಿತ್ತು, ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬಿದ್ದ ಪುಟ ತಿರುಗಿಸಿ ನೋಡಿದೆ. ನಾಯಕಿಯ ನಿಶ್ಚಿತಾರ್ಥ ಮುರಿಯುವ ಪುಟ. ಅಯ್ಯೋ ದೇವರೇ, ಎಂದು ತಲೆ ಚಚ್ಚಿಕೊಂಡೆ. ಅದನ್ನು ನಾನು ಮೂರು ಸಲ ಓದಿದ್ದೆ, ಆದರೂ ನೆನಪಿರಲಿಲ್ಲ. ನಮ್ಮವರು ಹೇಳಿದ್ದು ನಿಜ.

ಆಗ ನನಗೆ ನಮ್ಮ ಕಾನ್ವೆಂಟು ನೆನಪಾಯಿತು. ಅಲ್ಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಬಹಳ ಒಳ್ಳೆಯವರು. ಮೆಲುದನಿಯವರು. ಕಥೆಪುಸ್ತಕಗಳಲ್ಲಿ ಹೆಣ್ಣುಮಕ್ಕಳು ಓದಬಾರದ ಪುಟ ಬಂದರೆ ಹರಿಯುತ್ತಿರಲಿಲ್ಲ, ಪುಸ್ತಕ ಹರಿಯುವುದು ಪಾಪ. ಎರಡು ಪುಟಗಳ ಅಂಚಿಗೆ ಮೈದಾ ಅಂಟು ಸವರಿ ಸೇರಿಸಿಬಿಡುತ್ತಿದ್ದರು. ನಾವು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಲು ನೋಡುತ್ತಿದ್ದೆವು, ಅದು ಬೇರೆ ಮಾತು.

ನನಗೆ ಮೈದಾ ಕಲಸುವ ತಾಳ್ಮೆ ಇರಲಿಲ್ಲ. ನಮ್ಮಮ್ಮ ಲಕೋಟೆ ಅಂಟಿಸುತ್ತಿದ್ದುದು ಅನ್ನದ ಅಗುಳಿನಿಂದ. ಚೆನ್ನಾಗಿ ಬೆಂದ ಅಗುಳೊಂದನ್ನು ಹೆಬ್ಬೆರಳಿನಿಂದ ಒತ್ತಿದರೆ ಯಾವ ಗೋಂದೂ ಬೇಡ. ಹಾಗೇ ಶುರುಮಾಡಿದೆ. ಲೈಬ್ರರಿಯಿಂದ ತಂದ ಪುಸ್ತಕವನ್ನು ಮೊದಲು ನಾನು ಓದುವುದು. ನಿಶ್ಚಿತಾರ್ಥ ಮುರಿದರೆ, ಕಾಗದ ಬರದೆ ಹೋದರೆ, ಅವನು ಇನ್ನೊಬ್ಬಳ ಜೊತೆ ಕಾಣಿಸಿಕೊಂಡರೆ ಅಲ್ಲಿ ಮೂರು ಅಗುಳು. ಮೇಲೊಂದು, ನಡುವೆ ಒಂದು, ಕೆಳಗೊಂದು. ಒಣಗಲು ಪುಸ್ತಕವನ್ನು ಕುಕ್ಕರಿನ ಕೆಳಗಿಟ್ಟು ಒತ್ತುವುದು. ಆಮೇಲೆ ಮೇಲೆ ಕೊಟ್ಟುಬರುವುದು. ಓದಿ ಕೆಳಗೆ ಬಂದ ಮೇಲೆ ಉಗುರಿನಿಂದ ಮೆಲ್ಲಗೆ ಬಿಡಿಸುವುದು. ಒಮ್ಮೊಮ್ಮೆ ಬಿಡಿಸಲು ಮರೆತು ಹಾಗೆಯೇ ವಾಪಸು ಕೊಟ್ಟದ್ದೂ ಇದೆ.

ಮಳೆಗಾಲವೆಲ್ಲ ಹೀಗೇ ಕಳೆಯಿತು. ಅವಳು ಕೆಲಸಕ್ಕೆ ಹೋಗತೊಡಗಿದಳು. ಬೆಳಗಿನ ರೊಟ್ಟಿಯ ಸದ್ದು ಮೊದಲು ವಾರಕ್ಕೆರಡು ದಿನ, ಆಮೇಲೆ ದಿನವೂ ಕೇಳತೊಡಗಿತು. ಸಂಜೆ ಕೆಳಗಿಳಿದು ಬಂದು ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕಥೆ ಹೇಳುವಳು.

“ಅಕ್ಕಾರ, ಈ ಪುಸ್ತಕ ಬರ್ಯೋರಿಗೆ ತಲಿ ಐತೇನ್ರಿ? ಎಂಬತ್ತೈದನೇ ಪುಟದಾಗ ಅಂವನ ಫೋನ್ ಬಂತು ಅಂತ ಈಕಿ ಎದ್ದು ಓಡತಾಳ. ಮುಂದಿನ ಪುಟದಾಗ ಪಾಯಸ ಮಾಡ್ಕೋತ ನಿಂತಾಳ. ಫೋನ್‌ದಾಗ ಅಂವಾ ಏನಂದ?”

“ಏನೋ ಒಂದು ಅಂದಿರ್ತಾನೆ ಬಿಡು,” ಎನ್ನುತ್ತಿದ್ದೆ ನಾನು, ಒಲೆಯ ಕಡೆ ತಿರುಗಿ.

“ಏನೋ ಚಂದಂದ ಅಂದಿರಬೇಕು, ಪಾಯಸ ಮಾಡ್ಯಾಳಂದ್ರ.”

ನನಗೆ ಒಳಗೊಳಗೇ ಹೆಮ್ಮೆ. ಆದರೆ ಒಂದು ವಿಷಯ ಕಣ್ಣಿಗೆ ಬೀಳದೆ ಇರಲಿಲ್ಲ. ಹುಡುಗಿ ತಿನ್ನುತ್ತಾಳೆ, ನಗುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ. ತಾಯಿಯ ಫೋನು ಬಂದರೆ ಮಾತ್ರ ಮುಖ ಮತ್ತೆ ಗೋಡೆಯ ಕಡೆ ತಿರುಗುತ್ತದೆ. “ನನ್ನ ಬಿಟ್ಟು ಮಾಡ್ರಿ,” ಎಂದು ಇಟ್ಟುಬಿಡುತ್ತಾಳೆ. ಇನ್ನಷ್ಟು ಸಿಹಿ ಪುಸ್ತಕ ಬೇಕೇನೋ ಎಂದುಕೊಂಡೆ.

ನವರಾತ್ರಿ ಮುಗಿದ ವಾರ, ಒಂದು ಶನಿವಾರ, ಲ್ಯಾಬಿನಿಂದ ಬರುವಾಗ ತಾನೇ ಲೈಬ್ರರಿಗೆ ಹೋಗಿ ಪುಸ್ತಕ ಬದಲಾಯಿಸಿಕೊಂಡು ಬರುತ್ತೇನೆ ಎಂದಳು. ಮೊದಲ ಸಲ. ನಾನು ಖುಷಿಯಲ್ಲಿ ಕಾರ್ಡು ಕೊಟ್ಟು ಕಳಿಸಿದೆ. ಅಗುಳಿನ ನೆನಪು ನನಗೆ ಬಂದದ್ದು ಅವಳು ಬಸ್ಸು ಹತ್ತಿದ ಮೇಲೆ.

ಮಧ್ಯಾಹ್ನ ಎರಡು ಗಂಟೆ. ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಅವಳು ಬಂದು ಬಾಗಿಲಿಗೆ ಒರಗಲಿಲ್ಲ. ನೆಟ್ಟಗೆ ನಿಂತಳು.

“ಅಕ್ಕಾರ, ನಿಮ್ಮ ಮನ್ಯಾಗ ಹೋದ ವಾರ ಏನ್ ಅಡಗಿ?”

“ಏನಿರುತ್ತೆ? ಹುಳಿ, ಅನ್ನ… ಯಾಕೆ?”

“ಅನ್ನ,” ಎಂದಳು. ವಾಪಸು ಕೊಡಲು ಒಯ್ದ ಪುಸ್ತಕವನ್ನೇ ಚೀಲದಿಂದ ತೆಗೆದು ಹುರುಳಿಕಾಯಿಯ ಮೊರದಲ್ಲಿ ಇಟ್ಟಳು. “ಆ ಮೇಡಂ ನಾಕ್ ಮಂದಿ ಮುಂದ ನನ್ನ ಬೈದ್ರು. ಊಟ ಮಾಡ್ಕೊಂಡು ಪುಸ್ತಕ ಓದ್ತೀರೇನಮ್ಮ, ಅನ್ನ ಚೆಲ್ಲಿದ್ದೀರ, ಇರುವೆ ಮುತ್ತಿದೆ ನೋಡಿ, ಅಂತ. ನಾ ಅಂದೆ, ಮೇಡಂ, ನಾ ಅನ್ನ ಉಣ್ಣಾಕಿನ ಅಲ್ಲ. ಎರಡೂ ಹೊತ್ತು ರೊಟ್ಟಿ ತಿನ್ನಾಕಿ. ನನ್ನ ಖೋಲ್ಯಾಗ ಅಕ್ಕಿನ ಇಲ್ಲ. ಅವರು ನಗಲಿಕ್ಕೆ ಹತ್ತಿದ್ರು.”

ನಾನು ಒಂದು ಹುರುಳಿಕಾಯಿಯ ನಾರನ್ನೇ ಮೂರು ಸಲ ತೆಗೆದೆ.

“ಹೊರಗ ಮೆಟ್ಟಲ ಮ್ಯಾಲ ಕುಂತು ಅಂಟಿದ ಪುಟ ಬಿಡಿಸಿದೆ. ಅಂವಾ ಫೋನ್‌ದಾಗ ಏನಂದ ಅಂತ ಈಗ ಗೊತ್ತಾತು.”

“ನಿನಗೆ ನೋವಾಗಬಾರ್ದು ಅಂತ ಕಣೆ…”

“ನಾ ದಿನಾ ಎಷ್ಟ ಮಂದಿಗೆ ಸೂಜಿ ಚುಚ್ಚತೀನಿ ಅಕ್ಕಾರ. ಒಬ್ಬರಿಗೂ ನೋವಾಗೂದಿಲ್ಲ ಅಂತ ಸುಳ್ಳ ಹೇಳಿಲ್ಲ. ಈಗ ಚುಚ್ಚತೀನಿ, ಚೂರು ನೋಯತೈತಿ, ಅಂತ ಹೇಳೇ ಚುಚ್ಚತೀನಿ. ಹೇಳಿದ್ರ ಅವರು ತಯಾರಾಗತಾರ. ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು, ಅಂವಾ ಬ್ಯಾರೆ ಹುಡುಗಿ ನೋಡ್ಯಾನ ಅಂತ. ಅವ್ವಗ ಗೊತ್ತಿತ್ತು. ಮಾಮಾಗ ಗೊತ್ತಿತ್ತು. ನನಗ ನೋವಾಗತೈತಿ ಅಂತ ಯಾರೂ ಬಾಯಿ ಬಿಡಲಿಲ್ಲ. ಕಾರ್ಡ್ ಹಂಚೂ ತನಕ ಬಿಡಲಿಲ್ಲ.” ಅವಳ ದನಿ ಏರಲಿಲ್ಲ. “ನೀವೂ ಹಂಗ ಮಾಡಿದ್ರಿ.”

ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೋದಳು. ಆ ಸಂಜೆ ತಟ್ಟೆ ಹಿಡಿದು ನಾನು ಅರ್ಧ ಮೆಟ್ಟಿಲು ಹತ್ತಿ, ಅವಳ ಬಾಗಿಲು ಹಾಕಿದ್ದು ಕಂಡು ಇಳಿದು ಬಂದೆ.

ಎಂಟು ದಿನ ಮಾತಿಲ್ಲ. ನಾನು ಜೀವನದಲ್ಲಿ ಯಾರೊಂದಿಗೂ ಜಗಳವಾಡಿದವಳಲ್ಲ. ಕಾನ್ವೆಂಟಿನಲ್ಲಿ ನನಗೆ ಒಳ್ಳೆಯ ನಡತೆಗೆ ಬಹುಮಾನವಾಗಿ ಸೋಪಿನ ಡಬ್ಬಿ ಕೊಟ್ಟಿದ್ದರು. ಒಳ್ಳೆಯ ನಡತೆ ಎಂದರೆ ನೋವಿನ ಮಾತು ಎತ್ತದೇ ಇರುವುದು ಎಂದು ಐವತ್ತೆರಡು ವರ್ಷ ನಂಬಿಕೊಂಡಿದ್ದೆ. ನೆಂಟರ ಮನೆಯಲ್ಲಿ ಸಾವಾಗಿದ್ದರೆ ಹವೆಯ ಮಾತಾಡುತ್ತಿದ್ದೆ. ಇವಳ ಬಳಿಯೂ ಅಷ್ಟೆ. ಅವನ ಹೆಸರೇನು, ಅವನು ನಿನಗೆ ಏನಂದ, ನೀನು ಏನಂದೆ ಎಂದು ಆರು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಪಾಯಸ ಮಾತ್ರ ಮಾಡಿಕೊಟ್ಟಿದ್ದೆ.

ಒಂಬತ್ತನೆಯ ದಿನ ಭಾನುವಾರ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದೆ: “ನಾನು ಲೈಬ್ರರಿಗೆ ಹೋಗಿ ತಪ್ಪು ಒಪ್ಪಿಕೊಂಡು ಬರ್ತೀನಿ ಕಣೆ. ನಿನ್ನ ಮೇಲೆ ಬಂದಿರೋ ಮಾತು ನನಗೇ ಬರಲಿ.”

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. “ನಾನೂ ಬರ್ತೀನಿ,” ಎಂದಳು. “ನಿಮ್ಮನ್ನ ಬೈಯೂದು ನಾನೂ ನೋಡಬೇಕಲ್ಲ.”

ಮೇಡಂ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಇಪ್ಪತ್ತೆರಡು ವರ್ಷದ ಮೆಂಬರ್ ನೀವು. ಒಂದು ಪುಟ ಮಡಿಸಿದವರಲ್ಲ. ಎಷ್ಟು ಪುಸ್ತಕಕ್ಕೆ ಹೀಗೆ ಊಟ ಬಡಿಸಿದ್ದೀರಿ?”

“ಹನ್ನೊಂದು.”

“ಬಿಡಿಸದೇ ಕೊಟ್ಟಿದ್ದು?”

“ಐದೋ ಆರೋ…”

ಅವರು ಎದ್ದು ಒಂದು ಮರದ ಸ್ಕೇಲು, ಎರಡು ಒಣಬಟ್ಟೆ ತಂದು ಮೇಜಿನ ಮೇಲೆ ಹಾಕಿದರು. “ಕೂತ್ಕೊಳ್ಳಿ. ಎಲ್ಲ ಕ್ಲೀನ್ ಮಾಡಿಯೇ ಎದ್ದೇಳಬೇಕು.”

ಕಪಾಟುಗಳಿಂದ ಹತ್ತನ್ನು ಹುಡುಕಿ ತಂದು, ಮನೆಯಿಂದ ತಂದಿದ್ದ ಹನ್ನೊಂದನೆಯದನ್ನೂ ಸೇರಿಸಿದೆವು. ನಾನು ಸ್ಕೇಲಿನ ಅಂಚಿನಿಂದ ಅಗುಳು ಕೆರೆಯುವುದು, ಅವಳು ಒರೆಸುವುದು. ಎರಡನೆಯ ಪುಸ್ತಕದಲ್ಲಿ ಅವಳ ಕೈ ನಿಂತಿತು.

“ಅಕ್ಕಾರ, ಇದನ್ನ ಓದೀರೇನು?”

“ಓದ್ದೆ ಅಂಟಿಸ್ತೀನಾ?”

“ಕಥಿ ಅಲ್ರಿ. ಬಾಜೂಕ ಬರ್ದಿದ್ದು.”

ಪುಟದ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳು. ಇಂಥ ಗೀಚುವಿಕೆ ಆ ಪುಸ್ತಕಗಳ ತುಂಬ ಇರುತ್ತದೆಂದು ನನಗೆ ಗೊತ್ತಿತ್ತು. ನೋಡಿದ್ದೆ, ಓದಿರಲಿಲ್ಲ. ಪುಸ್ತಕದಲ್ಲಿ ಬರೆಯುವುದು ಕೆಟ್ಟ ಅಭ್ಯಾಸ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು, ಅದಕ್ಕೇ ನನ್ನ ಕಣ್ಣು ಅಂಚಿಗೆ ಹೋಗುತ್ತಲೇ ಇರಲಿಲ್ಲ. ಅವಳು ಗಟ್ಟಿಯಾಗಿ ಓದಿದಳು.

ನಾಯಕ ಕಾಗದದಲ್ಲಿ ತಾನು ಬರುವುದಿಲ್ಲ ಎನ್ನುವ ಸಾಲಿನ ಪಕ್ಕದಲ್ಲಿ ದುಂಡನೆಯ ಅಕ್ಷರ: ‘ನನಗೂ ಹೀಗೇ ಆಗಿತ್ತು. ಈಗ ಎರಡು ಮಕ್ಕಳು. ಅವನ ಮುಖವೂ ನೆನಪಿಲ್ಲ.’

ಅದರ ಕೆಳಗೆ ಬೇರೆ ಕೈ, ನೀಲಿ ಇಂಕು: ‘ನಿಜವಾಗ್ಲೂ ನೆನಪಿಲ್ವಾ?’

ಅದರ ಕೆಳಗೆ ಮತ್ತೆ ಅದೇ ದುಂಡನೆಯ ಕೈ, ಯಾವಾಗ ಪುನಃ ಒಯ್ದು ಓದಿದ್ದಳೋ: ‘ಸ್ವಲ್ಪ ಇದೆ.’

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಬಟ್ಟೆ ಬಿಸಾಡಿ ಮುಂದಿನ ಪುಸ್ತಕ ಎಳೆದುಕೊಂಡಳು. ‘ಅಳಲಿ ಬಿಡಿ, ಅತ್ತರೆ ಏನೀಗ?’ ‘ಈ ಪುಟ ಓದುವಾಗ ಸಾರು ಸೀದುಹೋಯಿತು.’ ‘ಇವಳ ಅಮ್ಮ ಒಂದು ಸಲವಾದರೂ ಇವಳನ್ನು ಕೇಳಬಾರದಿತ್ತೇ?’ ಆ ಕೊನೆಯದನ್ನು ಅವಳು ಗಟ್ಟಿಯಾಗಿ ಓದಲಿಲ್ಲ, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟಳು. ಇನ್ನೊಂದರಲ್ಲಿ, ಮದುವೆ ನಿಂತ ನಾಯಕಿ ಹೊರಗೆ ಬರಲು ನಾಚುವ ಪುಟದಲ್ಲಿ, ಬಹುಶಃ ಮುದುಕಿಯೊಬ್ಬರ ನಡುಗುವ ಅಕ್ಷರ: ‘ತಪ್ಪು ಮಾಡಿದವನು ರಾಜನ ಹಾಗೆ ಓಡಾಡುತ್ತಾನೆ. ನೀನ್ಯಾಕೆ ಬಾಗಿಲು ಹಾಕಿಕೊಂಡು ಕೂತಿದ್ದೀ? ಏಳಮ್ಮ.’

ಅವಳು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಅತ್ತಳು. ಗೋಡೆಯ ಕಡೆ ತಿರುಗದೆ, ಮೇಜಿನ ಎದುರಿಗೇ. ಹವೆಯ ಮಾತು ನಾಲಿಗೆಯ ತುದಿಗೆ ಬಂತು, ಇವತ್ತು ಎಷ್ಟು ಸೆಖೆ ಎಂದು. ನುಂಗಿಕೊಂಡೆ.

“ಅವನು ನಿನಗೆ ಏನಂದ?” ಎಂದು ಕೇಳಿದೆ.

ಅವಳು ಹೇಳಿದಳು. ಎಲ್ಲ ಹೇಳಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಮೇಡಂ ನಡುವೆ ಬೇಕರಿಯಿಂದ ಮೂರು ಚಹಾ ತರಿಸಿ, ನಾವು ಕಾಣಿಸುತ್ತಲೇ ಇಲ್ಲ ಎಂಬಂತೆ ರಿಜಿಸ್ಟರಿನಲ್ಲಿ ಮುಖ ಹುದುಗಿಸಿಕೊಂಡರು. ಹೊರಡುವಾಗ ಮಾತ್ರ ಹೇಳಿದರು:

“ಅಳೋ ಪುಟದಲ್ಲೇ ಜಾಸ್ತಿ ಬರೀತಾರೆ ಹೆಂಗಸರು. ಮೊದಮೊದಲು ರಬ್ಬರ್ ಹಾಕಿ ಅಳಿಸ್ತಿದ್ದೆ. ಆಮೇಲೆ ಬಿಟ್ಟೆ. ಅದನ್ನ ಓದೋಕೇ ಎಷ್ಟೋ ಜನ ಅದೇ ಪುಸ್ತಕ ಮತ್ತೆ ಕೇಳ್ತಾರೆ.” ನನ್ನ ಕಡೆ ತಿರುಗಿ, “ನೀವು ಸರಿಯಾಗಿ ಅದನ್ನೇ ಹುಡುಕಿ ಮುಚ್ಚಿದ್ದೀರಿ. ಕಾನ್ವೆಂಟಾ?” ಎಂದರು.

“ಹೌದು ಮೇಡಂ.”

“ಗೊತ್ತಾಗುತ್ತೆ.”

ದಾರಿಯುದ್ದಕ್ಕೂ ಅವಳು ಇದನ್ನೇ ಹೇಳಿ ನಕ್ಕಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರೂ ಕಾರಣ ತಿಳಿಯದೆ ನಕ್ಕರು.

ಅಂದು ಸಂಜೆ ತಾಯಿಯ ಫೋನು ಬಂತು. ಅವಳು ನಮ್ಮ ಅಡುಗೆಮನೆಯಲ್ಲಿಯೇ ನಿಂತು ಮಾತಾಡಿದಳು. “ಅವ್ವಾ, ನಿನಗ ಮೊದಲ ಗೊತ್ತಿತ್ತು. ನನಗ ಹೇಳಬೇಕಿತ್ತು ನೀ.” ತಾಯಿ ಏನೋ ಹೇಳಿದರು, ಸಣ್ಣ ದನಿಯಲ್ಲಿ. “ಆತು,” ಎಂದಳು ಇವಳು. “ಅಳಬ್ಯಾಡ. ಬರ್ತೀನಿ. ತಂಗಿಗೆ ಹೇಳು.”

ಬರುತ್ತೇನೆ ಎಂದದ್ದೇನೋ ಆಯಿತು, ಆದರೆ ಅವನೆದುರು ನಿಲ್ಲುವುದು ಹೇಗೆ? ಅದಕ್ಕೆ ಅವಳೇ ಉಪಾಯ ಹೇಳಿದಳು. ಅವನು ಮೊದಲ ಮಾತು ಏನಾಡಬಹುದೋ ಅದನ್ನೆಲ್ಲ ಮೊದಲೇ ಕೇಳಿಬಿಡಬೇಕು, ಆಗ ಸೂಜಿ ಕಂಡು ಕೈ ಎಳೆದುಕೊಳ್ಳುವ ಹಾಗೆ ಆಗುವುದಿಲ್ಲ. ಅವನಾಗಿ ಮಾತಾಡುವವಳು ನಾನು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ದನಿ ದಪ್ಪ ಮಾಡಿ, “ಏನಮ್ಮ, ಚೆನ್ನಾಗಿದೀಯಾ?” ಎಂದೆ.

“ಥೂ, ಅಂವಾ ಏನು ಬ್ಯಾಂಕ್ ಮ್ಯಾನೇಜರ್ ಏನ್ರಿ? ‘ಆರಾಮ ಅದೀಯೇನ?’ ಅಂತಾನ.”

“ಆರಾಮ ಅದೀಯೇನ?”

“ಅಯ್ಯ, ಅದೂ ಇಂಗ್ಲಿಷಿನ್ಯಾಗ ಅಂದಂಗ ಆತು.” ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮತ್ತೊಮ್ಮೆ ಅನ್ರಿ.”

ದಿನವೂ ಸಂಜೆ ಇದೇ ಪಾಠ. “ನನ್ನ ಮ್ಯಾಲ ಸಿಟ್ಟೇನ?” ಎಂದು ಕೇಳಲು ಹೇಳಿಕೊಟ್ಟಳು. “ಇವಳು ನನ್ನ ಹೆಂಡತಿ,” ಎಂದು ಹೇಳಲು ಹೇಳಿಕೊಟ್ಟಳು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. “ಹೇಳ್ರಿ ಅಕ್ಕಾರ, ಅಲ್ಲಿ ಅಂವಾ ಹೇಳೇ ಹೇಳತಾನ,” ಎಂದು ಕಾದಳು. ಹೇಳಿದೆ. ಅವಳ ಕಣ್ಣು ತುಂಬಿತು. ಮತ್ತೆ ಹೇಳಿಸಿದಳು. ನಾಲ್ಕನೆಯ ದಿನಕ್ಕೆ ತುಂಬಲಿಲ್ಲ. ಆಗ ನಮ್ಮವರು ಕಾಫಿಗೆಂದು ಒಳಗೆ ಬಂದವರು, ನಾನು ಸೌಟು ಹಿಡಿದು ಗಂಡುದನಿಯಲ್ಲಿ “ಇವಳು ನನ್ನ ಹೆಂಡತಿ” ಎಂದು ಗ್ಯಾಸ್ ಸಿಲಿಂಡರನ್ನು ತೋರಿಸುತ್ತಿದ್ದುದನ್ನು ಕಂಡು, ಹಾಗೆಯೇ ಹಿಂದಕ್ಕೆ ನಡೆದರು.

ಹೊರಡುವ ದಿನ ನಾನೂ ನಮ್ಮವರೂ ಹೋಗಿ ಅವಳನ್ನು ಬಸ್ಸು ಹತ್ತಿಸಿದೆವು. ಕಿಟಕಿಯಿಂದ ಅವಳು, “ಆಗಲಿಲ್ಲಂದ್ರ ಅರ್ಧಾ ದಾರಿಯಿಂದ ಹೊಳ್ಳಿ ಬರ್ತೀನ್ರಿ,” ಎಂದಳು. “ಬಾ, ಬಾಗಿಲು ತೆಗೆದಿರುತ್ತೆ,” ಎಂದೆ. ಆಗುತ್ತದೆ, ಎಲ್ಲ ಸರಿಹೋಗುತ್ತದೆ ಎಂದು ಹೇಳಲು ಬಾಯಿ ತವಕಿಸಿತು. ಹೇಳಲಿಲ್ಲ. “ಕಷ್ಟ ಆಗುತ್ತೆ ಕಣೆ. ಗೊತ್ತಿದೆ,” ಎಂದೆ. ಅವಳು ತಲೆಯಾಡಿಸಿದಳು.

ಮದುವೆಯ ದಿನ ನನಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಫೋನನ್ನು ಒಲೆಯ ಪಕ್ಕದ ಡಬ್ಬಿಗೆ ಒರಗಿಸಿಟ್ಟುಕೊಂಡು ಮೂರು ಸಲ ಹಾಲು ಬಿಸಿಮಾಡಿದೆ. ಮಧ್ಯಾಹ್ನ ಒಂದೂವರೆಗೆ ಅದು ಬಡಿದುಕೊಂಡಿತು. ಹಿಂದೆ ವಾಲಗ, ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಕೂಗುವುದು.

“ಅಕ್ಕಾರ, ಕೇಳಸತೈತೇನ?”

“ಕೇಳ್ಸುತ್ತೆ, ಹೇಳು.”

“ಬಂದಿದ್ದ. ನೀವು ಅಂದಂಗ ಏನೂ ಅನ್ಲಿಲ್ಲ. ನಾ ಪಂಕ್ತಿಗೆ ಹೋಳಿಗಿ ಬಡಸಾಕ ಹತ್ತಿದ್ನಿ, ಅಂವಾ ಎಲಿ ಮುಂದ ತಲಿ ಬಗ್ಗಿಸಿ ಕುಂತಿದ್ದ. ಒಂದ ಹಾಕಿದೆ. ಎರಡನೇದಕ್ಕ ಕೈ ಅಡ್ಡ ಹಿಡದ. ಹಿಡೀಲಿಲ್ಲಂದ್ರೂ ನಾ ಹಾಕತಿರಲಿಲ್ಲ.”

“ಹೆಂಡತಿ?”

“ಬಾಜೂಕ ಇದ್ಲು. ಸಣ್ಣ ಹುಡುಗಿ ರೀ. ಹೆದರಿದ್ಲು. ಆಕಿಗೆ ಎರಡ ಹಾಕಿದೆ.”

“ನೀನು ಅತ್ತೆಯಾ?” ಎಂದು ಕೇಳಿದೆ.

“ಅತ್ನಿ. ಸುರಗಿಯೊಳಗ. ಎಲ್ಲಾರ ಮಾರಿ ಮ್ಯಾಲೂ ನೀರಿತ್ತು, ಯಾರಿಗೂ ಗೊತ್ತಾಗಲಿಲ್ಲ. ತಂಗಿಗಷ್ಟ ಗೊತ್ತಾತು. ನೀರಾಗ ನನ್ನ ಕೈ ಹಿಡಕೊಂಡ್ಲು, ಏಳೂ ತನಕ ಬಿಡಲಿಲ್ಲ.”

ಅಷ್ಟರಲ್ಲಿ ಯಾರೋ ಅವಳನ್ನು ಕರೆದರು. “ಬಂದೆ ಬಂದೆ! ಇಡತೀನ್ರಿ ಅಕ್ಕಾರ,” ಎಂದಳು. ಆದರೆ ಇಡಲಿಲ್ಲ. ಗಡಿಬಿಡಿಯಲ್ಲಿ ಫೋನನ್ನು ಹಾಗೆಯೇ ಎಲ್ಲೋ ಇಟ್ಟು ಹೋಗಿದ್ದಳು. ನಾನೂ ಇಡಲಿಲ್ಲ. ದೂರದ ಆ ಮದುವೆಮನೆ ನಮ್ಮ ಅಡುಗೆಮನೆಯಲ್ಲಿ ಗದ್ದಲ ಮಾಡುತ್ತಿತ್ತು. ಅದರ ನಡುವೆ ಅವಳ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತಿತ್ತು. “ಏ, ಆರತಿ ತಾಟ ಎಲ್ಲಿಟ್ಟೀರಿ? ಅಜ್ಜಿಗೆ ಕುರ್ಚಿ ಕೊಡ್ರಿ! ಯಾರವಾ ಅದು, ಹೊಸಾ ಸೀರಿ ಮ್ಯಾಲ ಸಾರು ಚೆಲ್ಲಿದಾಕಿ?” ಯಾರೋ ಏನೋ ತಿರುಗಿ ಅಂದರು. ಅವಳು ಜೋರಾಗಿ ನಕ್ಕಳು.

ನಾನು ಒಲೆ ಆರಿಸಿ, ಒಂದು ಸ್ಟೂಲು ಎಳೆದುಕೊಂಡು ಫೋನಿನ ಮುಂದೆ ಕೂತೆ.